ಗೂಟದ ಮೇಲಿನ ನಡುಪಟ್ಟಿ

ನಿವೃತ್ತಿಗೆ ಸ್ವಲ್ಪ ಮುಂಚೆ ಔರಾದಿನಲ್ಲಿ, ನೌಕರಿಗೆ ಹೊಸದಾಗಿ ಸೇರಿದವರಿಗೆ ಒಳ್ಳೆಯ ಮೇಲಧಿಕಾರಿಯ ಗುಣಗಳೇನು ಅಂತ ನಾಲ್ಕು ಮಾತು ಹೇಳಿ ಎಂದರು. ಹೊತ್ತಿಗೆ ಸರಿಯಾಗಿ ಬನ್ನಿ, ಕೆಳಗಿನವರನ್ನು ಗದರಿಸಬೇಡಿ ಅಂತೇನೋ ಹೇಳಿ ಕೂತೆ. ನಿಜವಾಗಿ ಗೊತ್ತಿದ್ದದ್ದನ್ನು ಹೇಳಲು ಬಾಯಿ ಬರಲಿಲ್ಲ.

ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದಾಗ ನಾನು ಭಾಲ್ಕಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಸೇರಿ ವರ್ಷ ತುಂಬಿರಲಿಲ್ಲ. ನಮ್ಮೂರು ಮೆಹಕರದಲ್ಲಿ ಮನೆಮಂದಿಯೆಲ್ಲ ನನ್ನ ನೌಕರಿಯನ್ನೇ ನೆಚ್ಚಿಕೊಂಡಿದ್ದರು. ನಿಜಾಮರ ಕಾಲದ ಆ ಕಚೇರಿಯಲ್ಲಿ ಬಗ್ಲೂಸ್ ಎಂಬ ನಡುಪಟ್ಟಿ ಬಿಗಿಯದೆ ಸಾಹೇಬರ ಎದುರು ನಿಲ್ಲುವಂತಿರಲಿಲ್ಲ. ನಮ್ಮ ಐದು ಮಂದಿಗೆ ಇದ್ದದ್ದು ಒಂದೇ ಪಟ್ಟಿ. ಅದು ಸಾಹೇಬರ ಕೋಣೆಯ ಹೊರಗೆ ಗೂಟಕ್ಕೆ ನೇತಾಡುತ್ತಿತ್ತು. ಯಾರಿಗೆ ಕರೆ ಬಂತೋ ಅವರು ಬಿಗಿದುಕೊಂಡು ಒಳಗೆ ಹೋಗುವುದು. ಹೊಟ್ಟೆ ಬಂದವರ ಪಾಡು ದೇವರಿಗೇ ಪ್ರೀತಿ.

ನಿಜಾಮರ ರಾಜ್ಯ ಹೋಯಿತು. ಮುಂಬೈ ಪ್ರಾಂತದಿಂದ ಹೊಸ ಅಧಿಕಾರಿ ಬರುತ್ತಾರಂತೆ, ಹಳೇ ಸರಕಾರದ ಕಡೆಯವರನ್ನು ಹುಡುಕಿ ಹುಡುಕಿ ಮನೆಗೆ ಕಳಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ನನಗೆ ಅನ್ನ ಸೇರುತ್ತಿರಲಿಲ್ಲ. ನಮ್ಮ ಮೇಲಿನವರು ಪೇಷ್ಕಾರ ಸಾಹೇಬರು, ಅಂದರೆ ಹೆಡ್ ಗುಮಾಸ್ತರು; ಬೀದರಿನ ಹಳೇ ಮನೆತನದ ಮುಸಲ್ಮಾನರು. ಹೊಸ ಅಧಿಕಾರಿ ಬರುವ ದಿನ ಬೆಳಿಗ್ಗೆ ಅವರು ನಮ್ಮನ್ನೆಲ್ಲ ಕೂಡಿಸಿ, "ಇವತ್ತಿಂದ ಯಾರೂ ಪಟ್ಟಿ ಕಟ್ಟಬ್ಯಾಡ್ರಿ. ಹೊಸಾ ಸಾಹೇಬ್ರು ತಪ್ಪು ತಿಳ್ಕೋತಾರ" ಎಂದರು. ಆದರೆ ಅದನ್ನು ಗೂಟದಿಂದ ತೆಗೆದಿಡಲು ಯಾರಿಗೂ ನೆನಪಾಗಲಿಲ್ಲ.

ಮೊದಲ ಕರೆ ನನಗೇ ಬಂತು. ಗಾಬರಿಯಲ್ಲಿ ಕೈ ತಾನಾಗಿ ಗೂಟಕ್ಕೆ ಹೋಯಿತು. ಪಟ್ಟಿ ಬಿಗಿದುಕೊಂಡು ಒಳಗೆ ಹೋಗಿ, ಬಗ್ಗಿ ಸಲಾಂ ಮಾಡಿದ ಮೇಲೇ ಏನು ಮಾಡಿದೆ ಅಂತ ಅರಿವಾದದ್ದು.

"ಇನ್ನೂ ನಿಜಾಮರ ಚಾಕರೀನ ಮಾಡ್ತೀಯೇನು? ಇದನ್ನ ಕಟ್ಟು ಅಂತ ಯಾರು ಹೇಳಿದ್ರು?" ಎಂದು ಅಧಿಕಾರಿ ಎದ್ದು ನಿಂತರು.

ಅಷ್ಟರಲ್ಲಿ ಪೇಷ್ಕಾರ ಸಾಹೇಬರು ಕರೆಯದೆಯೇ ಒಳಗೆ ಬಂದರು. "ನಾ ಹೇಳಿದ್ದೆ ಸಾಹೇಬ್ರ. ಇವರದು ಏನೂ ತಪ್ಪಿಲ್ರಿ."

ಅಧಿಕಾರಿ ಅವರನ್ನು ಹೊರಗೆ ಕಳಿಸಿ ನನ್ನ ಮುಖ ನೋಡಿದರು. "ಖರೇನಾ?" ಎಂದರು. ದನಿ ಈಗ ತಗ್ಗಿತ್ತು. ನಿಜ ಹೇಳಿದ್ದರೆ ಕೇಳುತ್ತಿದ್ದರೋ ಏನೋ. ನನಗೆ ಮೆಹಕರದ ಮನೆ ಕಣ್ಣ ಮುಂದೆ ಬಂತು. "ಹೌದ್ರಿ" ಅಂದೆ. ಬರೆದು ಕೊಡು ಅಂದರು. ಬರೆದು ಸಹಿ ಮಾಡಿಕೊಟ್ಟೆ.

ಹೊರಗೆ ಬಂದಾಗ ಪೇಷ್ಕಾರ ಸಾಹೇಬರು ಬಾಗಿಲ ಪಕ್ಕದಲ್ಲೇ ನಿಂತಿದ್ದರು. ಒಳಗಿನ ಮಾತು ಅವರಿಗೆ ಕೇಳಿಸಿತ್ತು. ಪಟ್ಟಿಯ ಕೊಂಡಿ ಬಿಚ್ಚಲು ನನಗೆ ಆಗಲಿಲ್ಲ. ಅವರೇ ಬಗ್ಗಿ ಬಿಚ್ಚಿದರು. "ಇರ್ಲಿ ಬಿಡ್ರಿ, ನಿಮ್ಮದು ಇನ್ನಾ ಭಾಳ ವರ್ಷದ ನೌಕರಿ ಐತಿ" ಎಂದರು. ಮರುದಿನ ಅವರನ್ನು ಕೆಲಸದಿಂದ ತೆಗೆದರು.

ಅವರು ಅಂದಂತೆ ನನ್ನದು ಭಾಳ ವರ್ಷದ ನೌಕರಿಯೇ ಆಯಿತು. ಅವರು ಕೂತಿದ್ದಂಥ ಕುರ್ಚಿಯಲ್ಲಿ ನಾನೂ ಕೂತೆ. ಕೆಳಗಿನವರು ಎಷ್ಟೋ ಸಲ ತಪ್ಪು ಮಾಡಿ ನನ್ನ ಮುಖ ನೋಡುತ್ತ ನಿಂತರು. "ನಾ ಹೇಳಿದ್ದೆ" ಎಂಬ ಮಾತು ನನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ.