ಎರಡೂ ಕೈ ಹಿಡಿಸುವಷ್ಟು ಅಗಲ

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನಮ್ಮಿಬ್ಬರ ಮಾತೆಲ್ಲ ಕೈಯಲ್ಲೇ. ಆ ಸನ್ನೆಗಳನ್ನು ಯಾರೂ ಕಲಿಸಲಿಲ್ಲ. ಚಿಕ್ಕವರಿದ್ದಾಗ ಮೈಸೂರಿನ ಮನೆಯಲ್ಲಿ ನಾವೇ ಕಟ್ಟಿಕೊಂಡೆವು. ಮದುವೆಯಾಗಿ ನಾನು ಕೋಲ್ಕತ್ತಕ್ಕೆ ಬಂದ ಮೇಲೆ ನಮ್ಮ ಮಾತಿಗೆ ಉಳಿದಿದ್ದು ವಿಡಿಯೊ ಕಾಲ್ ಒಂದೇ. ಸಂಜೆ ಸಾಲ್ಟ್ ಲೇಕಿನ ಆಫೀಸಿನಿಂದ ಲೇಕ್ ಗಾರ್ಡನ್ಸಿನ ಮನೆಗೆ ಬಂದು, ಊಟದ ಮೇಜಿನ ಮೇಲೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಕೂತರೆ ಮಗಳೂ ಪಕ್ಕಕ್ಕೆ ಬರುತ್ತಿದ್ದಳು. ಇಲ್ಲೇ ಬೆಳೆದ ಅವಳಿಗೆ ಕನ್ನಡ ಆಡುವುದು ಕಷ್ಟ, ದೊಡ್ಡಮ್ಮನ ಕೈಮಾತು ಸಲೀಸು.

ನನ್ನ ಹಳೆಯ ಫೋನು ಕೆಟ್ಟಾಗ ಆಫೀಸಿನ ಹತ್ತಿರದ ಅಂಗಡಿಗೆ ಹೋದೆ. "ದಿದಿ, ಹಿಂದೆ ಮೂರು ಕ್ಯಾಮೆರಾ. ಕತ್ತಲಲ್ಲೂ ಹಗಲಿನ ಹಾಗೆ ಫೋಟೊ ಬರುತ್ತೆ" ಎಂದು ಅಂಗಡಿಯವನು ತೆಳ್ಳಗಿನ ಫೋನೊಂದನ್ನು ಕೈಗಿಟ್ಟ. ನನಗೆ ಬೇಕಿದ್ದದ್ದು ಮುಂದಿನ ಕ್ಯಾಮೆರಾ. ಅಲ್ಲೇ ನಿಂತು ಆ ಫೋನಿನಿಂದಲೇ ಅಕ್ಕನಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ಹುಬ್ಬು ಗಂಟಿಕ್ಕಿ, 'ಕೈ ಯಾಕೆ ಬಚ್ಚಿಡ್ತೀಯ?' ಎಂದು ಸನ್ನೆ ಮಾಡಿದಳು. ಆ ಫೋನು ನನ್ನ ಮುಖವನ್ನು ನುಣುಪಾಗಿ ತೋರಿಸಿ, ಬೆರಳುಗಳನ್ನು ಹಿಂದಿನ ಗೋಡೆಯ ಜೊತೆ ಸೇರಿಸಿ ಮಸುಕು ಮಾಡುತ್ತಿತ್ತು. ಅಂಗಡಿಯವನು ಆ ಮಸುಕನ್ನು ತೆಗೆದುಕೊಟ್ಟ. ಆದರೂ ಚೌಕಟ್ಟು ಕಿರಿದು. ಕೈ ಸ್ವಲ್ಪ ಅಗಲಿಸಿದರೆ ಹೊರಗೆ ಹೋಗುತ್ತಿತ್ತು.

ಆಮೇಲೆ ಅವನು ಬೇರೆ ಕಂಪನಿಯ ಫೋನು ತೆಗೆದ. ದಪ್ಪ, ಭಾರ. ಹಿಂದಿನ ಕ್ಯಾಮೆರಾ ತೀರಾ ಸಾಧಾರಣ, ಮುಂದಿನದು ಮಾತ್ರ ಅಗಲ. ಅದರಿಂದ ಕಾಲ್ ಮಾಡಿದಾಗ ಅಕ್ಕನ ಮುಖ ಅರಳಿತು. 'ಮೊಣಕೈವರೆಗೂ ಕಾಣ್ತಿದೆ. ಆ ಬಳೆ ಯಾವಾಗ ತಗೊಂಡೆ?'

"ಎಲ್ಲರೂ ಮುಖ ಚೆನ್ನಾಗಿ ಬರುತ್ತಾ ಅಂತ ನೋಡ್ತಾರೆ. ಕೈ ನೋಡಿದವರು ನೀವೊಬ್ಬರೇ" ಎಂದು ಅಂಗಡಿಯವನು ನಕ್ಕ. ನಾನು ದಪ್ಪದ್ದನ್ನೇ ಕೊಂಡೆ.

ವಿಚಿತ್ರವೆಂದರೆ, ಮುಂದೆ ಅಕ್ಕ ಕೊಂಡದ್ದು ನಾನು ಬಿಟ್ಟು ಬಂದ ಆ ಮೂರು ಕ್ಯಾಮೆರಾದ ಫೋನನ್ನೇ. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಕಸೂತಿಯ ಒಂದೊಂದು ಎಳೆಯೂ ಎದ್ದು ಕಾಣುವಂತೆ ಫೋಟೊ ತೆಗೆದು ಗಿರಾಕಿಗಳಿಗೆ ಕಳಿಸಬೇಕಿತ್ತು. ಹಾಗಾಗಿ ನನ್ನ ಕೈ ಅವಳಿಗೆ ಪೂರ್ತಿ ಕಾಣುತ್ತಿತ್ತು, ಅವಳ ಕೈ ನನಗೆ ಆಗಾಗ ತುಂಡಾಗುತ್ತಿತ್ತು. 'ಹಿಂದೆ ಸರಿ' ಎಂದು ನಾನು ಹೇಳಿದಾಗಲೆಲ್ಲ ಅವಳು ಬೇಸರದಿಂದ ಕುರ್ಚಿ ಎಳೆದುಕೊಳ್ಳುತ್ತಿದ್ದಳು.

ದುರ್ಗಾಪೂಜೆ ಮುಗಿದು ಬೀದಿಯಲ್ಲಿ ಪೆಂಡಾಲಿನ ಬಿದಿರು ಬಿಚ್ಚುತ್ತಿದ್ದ ಒಂದು ಸಂಜೆ, ಅವಳ ಬಲಗೈ ಮತ್ತೆ ಕಾಣಿಸಲಿಲ್ಲ. ಎಂದಿನಂತೆ 'ಹಿಂದೆ ಸರಿ' ಎಂದೆ. ಅವಳು ಸರಿಯಲಿಲ್ಲ. ಎಡಗೈ ಮಾತ್ರ ಏನನ್ನೋ ಹುಡುಕುವಂತೆ ಆಡುತ್ತಿತ್ತು.

"ಅಮ್ಮಾ, ಅದು ಫೋನಿಂದಲ್ಲ" ಎಂದಳು ಮಗಳು. "ದೊಡ್ಡಮ್ಮನ ಬಾಯಿ ನೋಡು."

ಬಾಯಿ ಒಂದು ಕಡೆಗೆ ಜಾರಿತ್ತು. ಮಗಳ ಫೋನಿನಿಂದ ಭಾವನಿಗೆ ಕಾಲ್ ಮಾಡಿದೆ. ಅವರು ಅದೇ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. "ಭಾವ, ಬೇಗ ಒಳಗೆ ಹೋಗಿ. ಅಕ್ಕಂಗೆ ಏನೋ ಆಗಿದೆ." ಅವರು ಓಡಿ ಬಂದದ್ದು, ಅಕ್ಕ ಅವರ ಮೇಲೆ ಒರಗಿದ್ದು, ಎಲ್ಲವನ್ನೂ ಕೋಲ್ಕತ್ತದ ಊಟದ ಮೇಜಿನಿಂದ ನೋಡಿದೆ.

ಜೀವ ಉಳಿಯಿತು. ಬಲಗೈಗೆ ಶಕ್ತಿ ಮರಳಲಿಲ್ಲ. ನಾನು ರಜೆ ಹಾಕಿ ಹೋಗಿ, ಜೊತೆಯಲ್ಲಿದ್ದು ಬಂದೆ. ನಮ್ಮ ಸನ್ನೆಗಳಲ್ಲಿ ಹೆಚ್ಚಿನವಕ್ಕೆ ಎರಡು ಕೈ ಬೇಕು. ಅವಳು ಎಡಗೈಯಲ್ಲಿ ಹೇಳಿದ್ದು ನನಗೆ ಅರ್ಥವಾಗುತ್ತಿರಲಿಲ್ಲ. ಊಹಿಸಿ ತಪ್ಪು ಹೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಕೋಲ್ಕತ್ತಕ್ಕೆ ವಾಪಸಾದ ಮೇಲೆ ಅವಳು ಕಾಲ್ ತೆಗೆಯುವುದನ್ನೇ ಕಡಿಮೆ ಮಾಡಿದಳು.

ಕೆಲವು ತಿಂಗಳ ನಂತರ ಒಂದು ಸಂಜೆ ಅವಳೇ ಕಾಲ್ ಮಾಡಿದಳು. ತೆರೆಯ ಮೇಲೆ ಅವಳಿರಲಿಲ್ಲ, ಕುಂಡದ ಕೊತ್ತಂಬರಿ ಇತ್ತು. ಹಿಂದಿನ ಕ್ಯಾಮೆರಾ ಹಾಕಿದ್ದಳು. ಆಮೇಲೆ ಭಾವ ಲಟ್ಟಿಸಿದ ಸೊಟ್ಟ ಚಪಾತಿ ಬಂತು, ಮಾತ್ರೆಗಳ ಡಬ್ಬಿ ಬಂತು. ಹೇಳಬೇಕಾದ್ದನ್ನು ಅವಳು ತೋರಿಸತೊಡಗಿದ್ದಳು. ಮಗಳು ಚಪ್ಪಾಳೆ ತಟ್ಟಿದಳು. ನಮ್ಮ ಸಂಜೆಗಳು ಮತ್ತೆ ಶುರುವಾದವು.

ಆದರೆ ಹಿಂದಿನ ಕ್ಯಾಮೆರಾ ಹಾಕಿದರೆ ಮುಂದಿನದು ನಿಲ್ಲುತ್ತದೆ. ಅವಳು ಮಾತಾಡುವಾಗ ಅವಳ ಮುಖ ನನಗೆ ಕಾಣುವುದಿಲ್ಲ.

ಮೊನ್ನೆ ಹೊಲಿಗೆ ಮೆಷಿನ್ ತೋರಿಸಿದಳು. ಅದರ ಮೇಲೆ ಒಗೆದ ಬಟ್ಟೆ ಪೇರಿಸಿದ್ದರು. ಅಲ್ಲಿಂದ ಚಿತ್ರ ಕೆಳಗಿಳಿದು, ಮಡಿಲಲ್ಲಿ ಬಿದ್ದಿದ್ದ ಬಲಗೈ ಮೇಲೆ ನಿಂತಿತು. ಬೆರಳ ತುದಿಯ ಹಳೆಯ ಸೂಜಿಗಾಯಗಳೂ ಸ್ಪಷ್ಟವಾಗಿ ಕಂಡವು. 'ಮುಖ ತೋರಿಸೇ' ಎಂದು ಸನ್ನೆ ಮಾಡಿದೆ. ಚಿತ್ರ ಸರಿಯಲಿಲ್ಲ, ಸಣ್ಣಗೆ ನಡುಗತೊಡಗಿತು. ಆಗ ಫೋನಿನಲ್ಲಿ ಭಾವನ ದನಿ ಕೇಳಿಸಿತು. ಅವಳಿಗೆ ಕೇಳಿಸದೆಂದು ಗೊತ್ತಿದ್ದೂ ಅವರು ಮೆಲ್ಲಗೆ ಹೇಳುತ್ತಿದ್ದರು, "ಅಳಬೇಡ ಕಣೇ. ಅಳಬೇಡ."