ವಿಕಾರ್ ಫಾದರ್ ಕೊಡದ ಮಾತು

ಮಾತು ಶುರು ಮಾಡುವ ಮುನ್ನ ಎರಡು ಸಲ ಗಂಟಲು ಕೆರೆದು, ಕನ್ನಡಕವನ್ನು ಹಣೆಗೇರಿಸಿ, ಆಮೇಲೆ ಅದನ್ನೇ ಜೇಬುಗಳಲ್ಲಿ ಹುಡುಕುವುದು ನಮ್ಮ ಫಾದರ್ ಅಭ್ಯಾಸ. ಇದನ್ನು ಅವರಿಗಿಂತ ಚೆನ್ನಾಗಿ ನಾನು ಮಾಡುತ್ತೇನೆಂಬ ಕೊಬ್ಬಿನಿಂದಲೇ ನಾನು ಕೆಟ್ಟೆ. ಎಲ್ಲರ ದನಿಯನ್ನೂ ಅಣಕಿಸಿ ಅಣಕಿಸಿ, ಫೋನಿನಲ್ಲಿ ಅಮ್ಮನಿಗೇ ನನ್ನ ದನಿಯ ಮೇಲೆ ಅನುಮಾನ. ಫಾದರ್ ಈಗ ವರ್ಗವಾಗಿ ಹೋಗಿದ್ದಾರೆ; ಗಂಟಲು ಕೆರೆಯುವುದು ಮಾತ್ರ ನನ್ನಲ್ಲೇ ಉಳಿದಿದೆ.

ದೇಶದ ರಾಜಧಾನಿಯ ಜನಕಪುರಿಯಲ್ಲಿರುವ ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ ಕನ್ನಡ ಪೂಜೆ. ಹಿಂದಿ ಪೂಜೆ, ಇಂಗ್ಲಿಷ್ ಪೂಜೆ, ಮದುವೆ, ಆಸ್ಪತ್ರೆ ಎಲ್ಲವೂ ಅವರೊಬ್ಬರ ತಲೆಯ ಮೇಲೆ. ‘ಇಲ್ಲ’ ಅನ್ನಲು ಬಾರದ ಮನುಷ್ಯ. ಯಾರು ಏನು ಕೇಳಿದರೂ ‘ನೋಡೋಣ, ನೋಡೋಣ.’

ನಮ್ಮ ಕನ್ನಡದವರಲ್ಲೊಬ್ಬ ಅಜ್ಜಿ, ಮಂಡಿನೋವಿನಿಂದ ಮೂರನೇ ಮಹಡಿ ಇಳಿಯಲಾರದೆ ಮನೆಯಲ್ಲೇ ಉಳಿದಿದ್ದರು. ಮೊಮ್ಮಕ್ಕಳದು ಹಿಂದಿ. ಕಣ್ಣು ಮುಚ್ಚುವುದರೊಳಗೆ ಒಮ್ಮೆಯಾದರೂ ಫಾದರ್ ಎದುರು ಕನ್ನಡದಲ್ಲಿ ಪಾಪನಿವೇದನೆ ಮಾಡಬೇಕೆಂದು ಬಂದವರ ಕೈಯಲ್ಲೆಲ್ಲ ಹೇಳಿಕಳಿಸುತ್ತಿದ್ದರು. ಒಂದು ಭಾನುವಾರ ಗೆಳೆಯರು ಹುರಿದುಂಬಿಸಿದರು. ನಾನು ಅಜ್ಜಿಗೆ ಫೋನ್ ಮಾಡಿ, ಎರಡು ಸಲ ಗಂಟಲು ಕೆರೆದು, ಫಾದರ್ ದನಿಯಲ್ಲಿ ಶನಿವಾರ ಮನೆಗೆ ಬರುತ್ತೇನೆ ಅಂದೆ. ತಮಾಷೆ ಅಂತ ಹೇಳುವಷ್ಟರಲ್ಲಿ ಅಜ್ಜಿ “ಬನ್ನಿ ಸ್ವಾಮಿ, ಕಾಯ್ತಿರ್ತೀನಿ” ಎಂದು ಫೋನ್ ಇಟ್ಟುಬಿಟ್ಟರು. ಮತ್ತೆ ಮಾಡಿ ನಿಜ ಹೇಳೋಣವೆಂದರೆ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ.

ಫಾದರ್ ಹತ್ತಿರ ಹೋಗಿ ಒಪ್ಪಿಕೊಂಡೆ. ಬೈಯಲಿಲ್ಲ. ಬಾಗಿಲ ಬೋರ್ಡಿನಲ್ಲಿ ತಮ್ಮ ಹೆಸರಿನ ಕೆಳಗಿದ್ದ ‘ವಿಕಾರ್’ ಎಂಬುದನ್ನು ತೋರಿಸಿ, ಹಾಗಂದರೇನು ಗೊತ್ತೇನೋ ಅಂದರು. ಏನೋ ದೊಡ್ಡ ಅಧಿಕಾರ ಅಂದೆ. ನಕ್ಕರು. ಲ್ಯಾಟಿನ್ನಿನಲ್ಲಿ ಅದಕ್ಕೆ ಇನ್ನೊಬ್ಬರ ಬದಲಿಗೆ ನಿಂತವನು ಅಂತ ಅರ್ಥವಂತೆ. ಹಳೆಯ ರೋಮಿನಲ್ಲಿ ದೊಡ್ಡ ಅಧಿಕಾರಿಯ ಪರವಾಗಿ ಆಳುವವನಿಗೂ ಅದೇ ಹೆಸರು, ಗುಲಾಮನೊಬ್ಬ ತನ್ನ ಕೆಲಸಕ್ಕೆ ಇಟ್ಟುಕೊಂಡ ಗುಲಾಮನಿಗೂ ಅದೇ ಹೆಸರು. ಚರ್ಚಿಗೆ ಬಂದದ್ದು ಆಮೇಲೆ.

“ನಾನು ಮೇಲಿನವನ ಬದಲಿ ಆಳು, ನೀನು ನನ್ನ ಬದಲಿ ಆಳು,” ಅಂದರು. “ಬದಲಿಯವನು ಕೊಟ್ಟ ಮಾತನ್ನ ಯಜಮಾನ ನಡೆಸ್ಬೇಕಪ್ಪ. ಶನಿವಾರ ನೀನೂ ಬಾ.”

ಅಜ್ಜಿ ರೇಷ್ಮೆ ಸೀರೆ ಉಟ್ಟು, ಮೇಣದಬತ್ತಿ ಹಚ್ಚಿ ಕಾದಿದ್ದರು. ಅವರೂ ಫಾದರೂ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಇಬ್ಬರೂ ಹೊರಗೆ ಬಂದಾಗ ಅಜ್ಜಿಯ ಕಣ್ಣು ಒದ್ದೆ, ಮುಖ ಹಗುರ. ಫಾದರ್ ಕನ್ನಡಕ ಹಣೆಯ ಮೇಲಿತ್ತು. ನನ್ನನ್ನು ಮುಂದಕ್ಕೆ ತಳ್ಳಿ, ಕ್ಷಮೆ ಕೇಳು ಅಂದರು. ಅವತ್ತು ಫೋನ್ ಮಾಡಿದ್ದು ನಾನು, ಅಂದೆ.

ಅಜ್ಜಿ ನನ್ನನ್ನಲ್ಲ, ಫಾದರನ್ನು ನೋಡಿದರು.

“ಅವತ್ತೇ ಗೊತ್ತಾಯ್ತು ಮಗ. ಇವರಾಗಿದ್ರೆ ‘ನೋಡೋಣ’ ಅಂತಿದ್ರು.”