ಹಗ್ಗ ಮಾರಿಲ್ಲ

ತೆಂಗಿನಕಾಯಿ, ಸಿಮೆಂಟು, ಮದುವೆ ಬೀರು, ಏನು ಹೇಳಿದರೂ ನನ್ನ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಹಸು ಮಾತ್ರ ಅದೇ ಮೊದಲು. ಗೆಂಡೆಹಳ್ಳಿಯ ರೈತರೊಬ್ಬರು ಮಾದಿಹಳ್ಳಿಯ ಗೌರಮ್ಮನವರ ಹಸು ಕೊಂಡು, ತಂದುಕೊಡು ಅಂತ ಫೋನ್ ಮಾಡಿದ್ದರು.

ಹೋಗಿ ನೋಡಿದರೆ ಗೌರಮ್ಮ ಹಸುವಿನ ಕೊರಳಿನ ಹಗ್ಗ ಬಿಚ್ಚಿ ಸುತ್ತಿಟ್ಟುಕೊಳ್ಳುತ್ತಿದ್ದಾರೆ.

"ಅಮ್ಮಾ, ಹಗ್ಗ ಇಲ್ದೆ ಹೆಂಗೆ ಹತ್ತಿಸ್ಲಿ?"

"ಹಸ ಮಾರಿದೀನಿ ಕಣಪ್ಪ, ಹಗ್ಗ ಮಾರಿಲ್ಲ. ಹಗ್ಗ ಕೊಟ್ರೆ ಕೊಟ್ಟಿಗೆ ಭಾಗ್ಯನೇ ಹೊಂಟೋಯ್ತದೆ. ತಗೊಂಡೋರು ಹೊಸ ಹಗ್ಗ ತರ್ಬೇಕು. ಅಷ್ಟೂ ಗೊತ್ತಿಲ್ವಾ ನಿಂಗೆ?"

ನನಗೆ ರೇಗಿತು. ಒಂದು ಹಳೆ ಹಗ್ಗಕ್ಕೆ ಇಷ್ಟು ಹಟವಾ ಅಂತ ಗೊಣಗುತ್ತಾ, ಲೋಡ್ ಕಟ್ಟುವ ನನ್ನ ಹಗ್ಗವನ್ನೇ ಹಾಕಿ ಎಳೆದೆ. ಹಸು ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಗೌರಮ್ಮನೇ ಹಲಗೆ ಹತ್ತಿ, ಗಾಡಿಯೊಳಗೆ ನಿಂತು "ಬಾರವ್ವ" ಅಂದರು. ಅದು ಹಿಂದೆಯೇ ಹತ್ತಿತು.

ಅವರು ಇಳಿದವರೇ ಕೊಟ್ಟಿಗೆಗೆ ಹೋಗಿ, ಆ ಹಳೆ ಹಗ್ಗವನ್ನು ಖಾಲಿ ಗೂಟಕ್ಕೆ ಕಟ್ಟಿ, ಗಂಟು ಗಟ್ಟಿಯಾಗಿದೆಯಾ ಅಂತ ಎಳೆದು ನೋಡಿದರು. ನಾನು ಗಾಡಿ ತೆಗೆದೆ.

ಮೊನ್ನೆ, ದೊಡ್ಡದೊಂದು ತಗೊಳ್ಳೋಣ ಅಂತ ಆ ಗಾಡಿ ಮಾರಿದೆ. ಕೀ, ಆರ್‌ಸಿ, ಜಾಕು, ಸ್ಟೆಪ್ನಿ ಎಲ್ಲಾ ಕೊಟ್ಟೆ. ಸೀಟಿನ ಹಿಂದಿದ್ದ ಲೋಡ್ ಹಗ್ಗ ಮಾತ್ರ ತೆಗೆದು ಹೆಗಲಿಗೆ ಹಾಕಿಕೊಂಡೆ. ಕೊಂಡ ಅರಸೀಕೆರೆಯವನು ನಕ್ಕ.

"ಏನಣ್ಣಾ, ಒಂದು ಹಳೆ ಹಗ್ಗಕ್ಕೂ ಇಷ್ಟು ಜಿಪುಣತನವಾ?"

"ಗಾಡಿ ಮಾರಿದೀನಿ ಕಣಪ್ಪ" ಅಂದೆ.